ಹಿತ್ತಿಲ ಕೋಳಿಯೂ ಮೊಟ್ಟೆಯ ದಿನಚರಿಯೂ

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ—ಬೆಂಗಳೂರಿನ ಹೊರವಲಯದ ಈ ಪ್ರದೇಶಗಳ ಸುತ್ತ ಒಂದು ಕಾಲಕ್ಕೆ ರಾಗಿಯ ಹೊಲಗಳಿದ್ದುವು. 1970ರ ದಶಕದಿಂದೀಚೆಗೆ ಅಲ್ಲಿ ಕಾರ್ಖಾನೆಗಳೂ ಕಚೇರಿಗಳೂ ಎದ್ದುವು. ಹೊಲಗಳು ಹೋದುವು, ಆದರೆ ಹಳ್ಳಿಗಳು ಪೂರ್ತಿಯಾಗಿ ಅಳಿಯಲಿಲ್ಲ. ಗಾಜಿನ ಕಟ್ಟಡದ ಬೆನ್ನಿಗೇ ಹಳೆಯ ಊರಿನ ಓಣಿ, ಓಣಿಯ ಮನೆಯ ಹಿತ್ತಿಲಿನಲ್ಲಿ ನಾಲ್ಕಾರು ಕೋಳಿಗಳು—ಇಂಥ ನೋಟ ಇಂದಿಗೂ ಅಪರೂಪವಲ್ಲ. ಬೆಳಗಾದೊಡನೆ ಮಂಕರಿಯನ್ನು ಎತ್ತಿದರೆ ಸಾಕು, ಕೋಳಿಗಳು ಹೊರಬಂದು ನೆಲವನ್ನು ಕೆದಕತೊಡಗುತ್ತವೆ. ಹೀಗೆ ಕೆದಕುವುದಕ್ಕೂ ನಮ್ಮ ತಟ್ಟೆಗೆ ಬರುವ ಮೊಟ್ಟೆಗೂ ಇರುವ ಸಂಬಂಧವೇನೆಂಬುದನ್ನು ವಿಚಾರ ಮಾಡೋಣ.

ಮೊಟ್ಟೆ ಸಿದ್ಧವಾಗುವ ಬಗೆ

ಮೊಟ್ಟೆಯ ಹಳದಿ ಭಾಗವು ಹೇಂಟೆಯ ಅಂಡಾಶಯದಲ್ಲಿ ಬೆಳೆಯುತ್ತದೆ. ಬಲಿತ ಹಳದಿಯು ಅಲ್ಲಿಂದ ಕಳಚಿಕೊಂಡು ಅಂಡನಾಳವನ್ನು ಸೇರುತ್ತದೆ. ನಾಳದಲ್ಲಿ ಸುಮಾರು ಮೂರು ಗಂಟೆಗಳ ಕಾಲ ಬಿಳಿ ಲೋಳೆ ಅದರ ಸುತ್ತ ಕೂಡಿಕೊಳ್ಳುತ್ತದೆ. ಮುಂದೆ ಒಂದು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ತೆಳುವಾದ ಪೊರೆಗಳು ಆವರಿಸುತ್ತವೆ. ಕೊನೆಯಲ್ಲಿ ಗಟ್ಟಿಯಾದ ಚಿಪ್ಪು ಕಟ್ಟಲು ಸುಮಾರು ಇಪ್ಪತ್ತು ಗಂಟೆಗಳು ಬೇಕು. ಎಲ್ಲ ಸೇರಿ 24ರಿಂದ 26 ಗಂಟೆಗಳು.

ಒಂದು ದಿನಕ್ಕೆ 24 ಗಂಟೆಗಳು ಮಾತ್ರ. ಆದುದರಿಂದ ಹೇಂಟೆಯು ಇಂದು ಬೆಳಗ್ಗೆ ಎಂಟು ಗಂಟೆಗೆ ಮೊಟ್ಟೆಯಿಟ್ಟರೆ, ನಾಳೆ ಒಂಬತ್ತಕ್ಕೋ ಹತ್ತಕ್ಕೋ ಇಡುತ್ತದೆ. ಹೀಗೆ ಹೊತ್ತು ಜಾರುತ್ತ ಮಧ್ಯಾಹ್ನವನ್ನು ದಾಟಿದ ಮೇಲೆ ಅದರ ದೇಹ ಹೊಸ ಹಳದಿಯನ್ನು ಆ ದಿನ ಬಿಡುಗಡೆ ಮಾಡುವುದಿಲ್ಲ. ಒಂದು ದಿನ ಬಿಡುವು. ‘ನಿನ್ನೆ ಇಟ್ಟಿತ್ತು, ಇಂದು ಏಕೆ ಇಡಲಿಲ್ಲ?’ ಎಂಬ ಮನೆಯವರ ಪ್ರಶ್ನೆಗೆ ಇದೇ ಉತ್ತರ.

ಚಿಪ್ಪು ಒಂದು ದಿನದ ಕೆಲಸವಾದರೆ ಹಳದಿ ಒಂದು ದಿನದ ಕೆಲಸವಲ್ಲ. ಅದು ದೊಡ್ಡದಾಗಿ ಬೆಳೆಯಲು ಸುಮಾರು ಹತ್ತು ದಿನಗಳು ಬೇಕು. ಕೋಳಿ ತಿಂದ ಆಹಾರದಿಂದ ಅದರ ಪಿತ್ತಜನಕಾಂಗವು ಕೊಬ್ಬು, ಪ್ರೋಟೀನುಗಳನ್ನು ಸಿದ್ಧಪಡಿಸಿ ರಕ್ತದ ಮೂಲಕ ಅಂಡಾಶಯಕ್ಕೆ ಕಳುಹಿಸುತ್ತದೆ. ಅಲ್ಲಿ ಅವು ಪದರ ಪದರವಾಗಿ ನೆಲೆಗೊಳ್ಳುತ್ತವೆ. ಇದನ್ನು ವಿಜ್ಞಾನಿಗಳು ಸುಲಭವಾದ ಒಂದು ಪ್ರಯೋಗದಿಂದ ಕಂಡುಕೊಂಡರು. ಕೊಬ್ಬಿನಲ್ಲಿ ಕರಗುವ ಸೂಡಾನ್ ಎಂಬ ಕೆಂಪು ಬಣ್ಣವನ್ನು ಕೋಳಿಗೆ ಒಂದು ದಿನ ತಿನ್ನಿಸಿದರು. ಮುಂದೆ ಅದು ಇಟ್ಟ ಮೊಟ್ಟೆಗಳನ್ನು ಬೇಯಿಸಿ ಕೊಯ್ದು ನೋಡಿದರೆ, ಹಳದಿಯಲ್ಲಿ ಕೆಂಪು ಉಂಗುರ! ಮರದ ಕಾಂಡದ ಉಂಗುರಗಳಲ್ಲಿ ವರ್ಷಗಳ ಲೆಕ್ಕವಿರುವಂತೆ, ಹಳದಿಯ ಉಂಗುರಗಳಲ್ಲಿ ಕೋಳಿಯ ದಿನಗಳ ಲೆಕ್ಕವಿದೆ. ಮೊಟ್ಟೆಯು ಹಿತ್ತಿಲಿನ ದಿನಚರಿ ಎಂದರೆ ತಪ್ಪಾಗದು.

ಮೂಳೆಯೊಳಗಿನ ಉಗ್ರಾಣ

55 ಗ್ರಾಂ ತೂಕದ ಮೊಟ್ಟೆಯಲ್ಲಿ ಚಿಪ್ಪೇ ಸುಮಾರು 5 ಗ್ರಾಂ. ಅದರಲ್ಲಿ ಕ್ಯಾಲ್ಸಿಯಂ ಹೆಚ್ಚುಕಡಿಮೆ 2 ಗ್ರಾಂ. ಹೇಂಟೆಯ ಇಡೀ ಅಸ್ಥಿಪಂಜರದಲ್ಲಿರುವ ಕ್ಯಾಲ್ಸಿಯಂ 20 ಗ್ರಾಂ ಮಾತ್ರ. ಅಂದರೆ ಒಂದೊಂದು ಮೊಟ್ಟೆಗೂ ಅದು ತನ್ನ ಮೂಳೆಯ ಹತ್ತರಲ್ಲೊಂದು ಭಾಗದಷ್ಟನ್ನು ತೆರುತ್ತದೆ! ಚಿಪ್ಪಿನ ಹೆಚ್ಚು ಭಾಗ ಕಟ್ಟುವುದು ರಾತ್ರಿಯಲ್ಲಿ, ಕೋಳಿ ಏನನ್ನೂ ತಿನ್ನದ ಹೊತ್ತಿನಲ್ಲಿ. ಅದಕ್ಕಾಗಿ ಕಾಲಿನ ಮೂಳೆಗಳ ಟೊಳ್ಳಿನಲ್ಲಿ ಕ್ಯಾಲ್ಸಿಯಮ್ಮಿನ ವಿಶೇಷ ಉಗ್ರಾಣವೊಂದಿದೆ. ಹಗಲು ತುಂಬಿದ್ದು ರಾತ್ರಿ ಬರಿದಾಗುತ್ತದೆ.

ಈಗ ಈ ಪ್ರಶ್ನೆಯನ್ನು ಬಲಪಡಿಸುವ ಇನ್ನೊಂದು ಸಂಗತಿಯನ್ನು ನೋಡೋಣ. ನಮ್ಮ ನಾಟಿ ಕೋಳಿ ವರ್ಷಕ್ಕೆ ಇಡುವ ಮೊಟ್ಟೆಗಳು ಕೆಲವು ಹತ್ತುಗಳಷ್ಟೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಂಗವಾಗಿದ್ದಾಗ ಅಲ್ಲಿ ರೂಪುಗೊಂಡ ಗಿರಿರಾಜ ತಳಿಯು ಸುಮಾರು 130 ಮೊಟ್ಟೆಗಳನ್ನಿಡಬಲ್ಲುದು. ಹೆಚ್ಚು ಮೊಟ್ಟೆಗೆ ಹೆಚ್ಚು ಕ್ಯಾಲ್ಸಿಯಂ ಬೇಕು. ಅದು ಸಾಲದೆ ಹೋದಾಗ ಕೋಳಿಯ ದೇಹವು ಸಿಕ್ಕಿದ್ದನ್ನು ಆತುರದಿಂದ ಹೀರಿಕೊಳ್ಳುತ್ತದೆ.

ಕರೆಯದೆ ಬರುವ ಅತಿಥಿ

ಅಪಾಯವಿರುವುದು ಇಲ್ಲಿಯೇ. ಸೀಸ ಎಂಬ ಲೋಹವು ದೇಹದೊಳಗೆ ಕ್ಯಾಲ್ಸಿಯಮ್ಮಿನ ವೇಷ ಧರಿಸುತ್ತದೆ. ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಮೂಳೆ ತನ್ನ ಉಗ್ರಾಣದಲ್ಲಿ ಅದಕ್ಕೂ ಜಾಗ ಕೊಡುತ್ತದೆ. ಉಗ್ರಾಣದ ಬಾಗಿಲು ತೆರೆದಾಗ ಅದೂ ರಕ್ತಕ್ಕಿಳಿದು ಮೊಟ್ಟೆಯನ್ನು ಸೇರುತ್ತದೆ. ಸೀಸ ತಿಂದ ಕೋಳಿಯು ಬಹುಮಟ್ಟಿಗೆ ಆರೋಗ್ಯವಾಗಿಯೇ ಕಾಣುತ್ತದೆ. ಮೊಟ್ಟೆಯ ರುಚಿಯೂ ಬಣ್ಣವೂ ಕೆಡುವುದಿಲ್ಲ. ಆದರೆ ಬೆಳೆಯುವ ಮಕ್ಕಳ ಮಿದುಳಿಗೆ ಸೀಸ ಹಾನಿಕರ. ಇಷ್ಟರವರೆಗೆ ಅಪಾಯವಿಲ್ಲ ಎನ್ನಬಹುದಾದ ಮಿತಿಯೇ ಅದಕ್ಕಿಲ್ಲ. ಮುಂಗುಸಿ, ಹದ್ದು, ರಾಣಿಖೇತ್ ರೋಗ—ಇವುಗಳಿಂದ ಕೋಳಿಯನ್ನು ಕಾಯುವವರು ಈ ಸದ್ದಿಲ್ಲದ ಶತ್ರುವನ್ನು ನೆನೆಯುವುದು ಕಡಿಮೆ.

ಸೀಸ ಹಿತ್ತಿಲಿಗೆ ಬರುವುದೆಲ್ಲಿಂದ? ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ 2000ದಲ್ಲಿ ನಿಂತಿತು. ಮನೆಬಣ್ಣಗಳಲ್ಲಿ ಸೀಸಕ್ಕೆ ಕಟ್ಟುನಿಟ್ಟಾದ ಮಿತಿ ಜಾರಿಗೆ ಬಂದುದು 2017ರಲ್ಲಿ. ಆದರೆ ಸೀಸವು ಕೊಳೆಯುವ ವಸ್ತುವಲ್ಲ. ಹೆದ್ದಾರಿಯ ಮಗ್ಗುಲಿನ ಮಣ್ಣಿನಲ್ಲಿ, ಹಳೆಯ ಗೋಡೆಯಿಂದ ಉದುರಿದ ಬಣ್ಣದ ಚಕ್ಕೆಯಲ್ಲಿ, ಹಳೆಯ ಬ್ಯಾಟರಿಗಳನ್ನು ಒಡೆದ ಜಾಗದಲ್ಲಿ ಅದು ಉಳಿದೇ ಇರುತ್ತದೆ. ಕಾಳಿನೊಡನೆ ಕೋಳಿ ನುಂಗುವುದು ಆ ಮಣ್ಣನ್ನೇ. ಕೈಗಾರಿಕಾ ಪ್ರದೇಶದ ಚಿಂತೆ ಇಷ್ಟಕ್ಕೇ ಮುಗಿಯದು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಕಂಡುಬಂದಿದೆ. ಬಯಲಿನಲ್ಲಿ ಪ್ಲಾಸ್ಟಿಕ್ ಕಸಕ್ಕೆ ಬೆಂಕಿಯಿಟ್ಟರೆ ಡಯಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಕೊಬ್ಬಿನಲ್ಲಿ ಕರಗುವ ಇವು, ಸೂಡಾನ್ ಬಣ್ಣದಂತೆಯೇ, ಮೊಟ್ಟೆಯ ಹಳದಿಯಲ್ಲಿ ಶೇಖರವಾಗುತ್ತವೆ.

ಇದು ಬರಿಯ ಊಹೆಯಲ್ಲ. ಆಸ್ಟ್ರೇಲಿಯದ ಸಿಡ್ನಿ ನಗರದ ಹಿತ್ತಿಲ ಕೋಳಿಗಳನ್ನು ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅವುಗಳ ಮೊಟ್ಟೆಯಲ್ಲಿ ಅಂಗಡಿಯ ಮೊಟ್ಟೆಗಿಂತ ಸರಾಸರಿ ಸುಮಾರು 40 ಪಟ್ಟು ಹೆಚ್ಚು ಸೀಸವಿತ್ತು.

ಹಾಗಾದರೆ ಮಾಡಬೇಕಾದುದೇನು?

ಹಿತ್ತಿಲಿನಲ್ಲಿ ಕೋಳಿ ಸಾಕುವುದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಮನೆಯ ಮುಸುರೆ ಕಾಳುಗಳನ್ನು ಒಳ್ಳೆಯ ಪ್ರೋಟೀನಾಗಿ ಮಾರ್ಪಡಿಸುವ ಇಂಥ ಪ್ರಾಣಿ ಇನ್ನೊಂದಿಲ್ಲ. ಬೇಕಾದುದು ಎಚ್ಚರ. ಕಾಳನ್ನು ನೆಲಕ್ಕೆ ಎರಚದೆ ತಟ್ಟೆಯಲ್ಲಿಡಬೇಕು. ಕಪ್ಪೆಚಿಪ್ಪಿನ ಪುಡಿಯನ್ನೋ, ಬೇಯಿಸಿ ಒಣಗಿಸಿ ಪುಡಿಮಾಡಿದ ಮೊಟ್ಟೆಯ ಚಿಪ್ಪನ್ನೋ ಬೇರೆಯಾಗಿ ಕೊಡಬೇಕು. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಕರುಳು ಹೀರುವ ಸೀಸ ಕಡಿಮೆಯಾಗುತ್ತದೆ. ಕುಡಿಯಲು ನಾವು ಕುಡಿಯುವ ನೀರನ್ನೇ ಇಡಬೇಕು. ಕೋಳಿ ಓಡಾಡುವಲ್ಲಿ ಕಸ ಸುಡಬಾರದು. ಹಳೆಯ ಬಣ್ಣದ ಗೋಡೆಯ ಬುಡಕ್ಕೆ, ಗುಜರಿ ರಾಶಿಯ ಬಳಿಗೆ ಅವು ಹೋಗದಂತೆ ಬೇಲಿ ಕಟ್ಟಬೇಕು. ಸಂಶಯವಿದ್ದರೆ ಮಣ್ಣನ್ನು ಪರೀಕ್ಷೆ ಮಾಡಿಸಬೇಕು. ಬೆಳೆಗಾಗಿ ಮಾಡುವ ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸೀಸದ ಅಳತೆ ಸೇರಿರುವುದಿಲ್ಲವಾದ್ದರಿಂದ ಅದನ್ನು ಹೆಸರಿಸಿ ಕೇಳಬೇಕು. ಮಣ್ಣು ಕೆಟ್ಟಿದೆಯೆಂದು ತಿಳಿದರೆ ಮೇಲೆ ಒಳ್ಳೆಯ ಮಣ್ಣನ್ನು ದಪ್ಪವಾಗಿ ಹರಡಬಹುದು. ಆದರೂ ತಾಳ್ಮೆ ಬೇಕು. ಮೂಳೆಯಲ್ಲಿ ಶೇಖರವಾದ ಸೀಸ ಒಂದೇ ದಿನದಲ್ಲಿ ತೀರದು.

ಕೋಳಿಗಳಿರುವ ಮನೆಯ ವಿದ್ಯಾರ್ಥಿಗಳು ಒಂದು ತಿಂಗಳ ಕಾಲ ಪ್ರತಿಯೊಂದು ಹೇಂಟೆ ಮೊಟ್ಟೆಯಿಟ್ಟ ಹೊತ್ತನ್ನೂ ಆ ದಿನ ಅದು ಕೆದಕಿದ ಜಾಗವನ್ನೂ ಬರೆದಿಟ್ಟುಕೊಳ್ಳಲಿ. ಹೊತ್ತು ದಿನದಿನಕ್ಕೆ ಜಾರುವುದನ್ನೂ ನಡುವೆ ಬಿಡುವು ಬರುವುದನ್ನೂ ಅವರು ತಾವೇ ಕಾಣುವರು. ಜಾಗಗಳ ಪಟ್ಟಿಯನ್ನು ಓದುವಾಗ ನಮ್ಮ ಊರಿನ ಮಣ್ಣಿಗೆ ನಾವು ಏನೇನನ್ನು ಸೇರಿಸಿದ್ದೇವೆಂಬುದೂ ಕಣ್ಣಿಗೆ ಬೀಳುವುದು. ನಾವು ನೆಲಕ್ಕೆ ಕೊಟ್ಟುದನ್ನು ಕೋಳಿ ನಮಗೆ ಹಿಂದಿರುಗಿಸುತ್ತದೆ. ಅದಕ್ಕೆ ಬೇಕಾಗುವುದು ಹತ್ತು ದಿನಗಳು ಮಾತ್ರ.