ಊಟಿಯ ಚಳಿಗೆ ಹಗಲಿನ ಮದ್ದು

ಪ್ರಶ್ನೆ: ನಾನು ಗುಂಡ್ಲುಪೇಟೆಯವನು. ಬ್ಯಾಂಕಿನ ಕೆಲಸದಲ್ಲಿ ಊಟಿಗೆ ವರ್ಗವಾಗಿದೆ. ಡಿಸೆಂಬರ್ ಬಂದದ್ದೇ ತಡ, ಸಂಜೆ ಆರಕ್ಕೆಲ್ಲ ಕಂಬಳಿ ಹೊದ್ದು ಕೂರುತ್ತೇನೆ, ಮನಸ್ಸೂ ಮುದುಡುತ್ತದೆ. ಇಲ್ಲಿಯವರು ಈ ಚಳಿಯಲ್ಲೂ ಗೆಲುವಾಗಿರುವುದು ಹೇಗೆ?

ಉತ್ತರ: ನೀವು ರಾತ್ರಿಯ ಜೊತೆ ಗುದ್ದಾಡುತ್ತಿದ್ದೀರಿ. ಅಲ್ಲಿ ಹುಟ್ಟಿ ಬೆಳೆದವರು ರಾತ್ರಿಯನ್ನು ಅದರ ಪಾಡಿಗೆ ಬಿಟ್ಟು, ಹಗಲಿನ ಬಿಸಿಲನ್ನು ಹಿಡಿದುಕೊಳ್ಳುತ್ತಾರೆ. ಹಿಂಗಾರು ಮಳೆ ಮುಗಿದ ಮೇಲೆ ಊಟಿಯ ಆಕಾಶ ತಿಳಿಯಾಗುತ್ತದೆ. ಮಧ್ಯಾಹ್ನ ಸುಮಾರು 20 ಡಿಗ್ರಿ. ಬೆಳಗಿನ ಜಾವ ತಗ್ಗಿನ ಜಾಗಗಳಲ್ಲಿ ಸೊನ್ನೆಯ ಆಸುಪಾಸು. ಎರಡಕ್ಕೂ ಕಾರಣ ಮೋಡವಿಲ್ಲದ ಆ ಆಕಾಶವೇ. ಹಗಲಲ್ಲಿ ಬಿಸಿಲನ್ನು ಧಾರಾಳವಾಗಿ ಒಳಬಿಡುತ್ತದೆ, ರಾತ್ರಿ ನೆಲದ ಕಾವನ್ನು ತಡೆಯದೆ ಹೊರಬಿಡುತ್ತದೆ. ಹಾಗಾಗಿ ಮಧ್ಯಾಹ್ನದ ಊಟ ಬ್ಯಾಂಕಿನೊಳಗೆ ಮಾಡಬೇಡಿ. ಡಬ್ಬಿ ಹಿಡಿದು ಬಿಸಿಲಿರುವ ಕಟ್ಟೆ ಹುಡುಕಿ. ಬೆನ್ನು ಕಾಯಿಸಿಕೊಂಡು ಉಂಡವನಿಗೆ ಸಂಜೆ ಅಷ್ಟು ಕಠಿಣವಾಗುವುದಿಲ್ಲ.

ಮನೆ ಎಲ್ಲಿ ಹಿಡಿದಿದ್ದೀರಿ ಎಂದು ಬರೆದಿಲ್ಲ. ತಣ್ಣನೆಯ ಗಾಳಿಗೆ ಭಾರ ಜಾಸ್ತಿ, ರಾತ್ರಿಯಿಡೀ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ರೇಸ್ ಕೋರ್ಸ್, ಕಾಂದಲ್, ತಲೈಕುಂದಾ ಕಡೆ ಹುಲ್ಲೆಲ್ಲ ಹಿಮ ಕಟ್ಟಿ ಉಪ್ಪು ಚೆಲ್ಲಿದಂತೆ ಬಿಳುಪಾಗಿದ್ದಾಗ, ಗುಡ್ಡದ ಅರ್ಧಕ್ಕಿರುವ ಮನೆಗಳಲ್ಲಿ ಅಷ್ಟು ಕೊರೆತವಿರುವುದಿಲ್ಲ. ಅಲ್ಲಿನ ಬಡಗ ಸಮುದಾಯದವರ ಹಟ್ಟಿಗಳು ಹೆಚ್ಚಾಗಿ ದಿಬ್ಬದ ಮೈಮೇಲೇ ಇರುವುದನ್ನು ನೋಡಿ. ಮನೆ ಬದಲಿಸುವುದಾದರೆ ಬಾಡಿಗೆಗಿಂತ ಮೊದಲು, ಕಿಟಕಿಗೆ ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿ.

ಆ ಬಿಳುಪನ್ನು ನೋಡುವ ಆಸೆಯಿದ್ದರೆ ಬಿಸಿಲೇರುವ ಮೊದಲೇ ಎದ್ದು ಹೋಗಬೇಕು. ನೋಡಿ ಸಂತೋಷಪಡಿ, ಆದರೆ ನಿಮ್ಮಲ್ಲಿ ಸಾಲಕ್ಕೆ ಬರುವ ಟೀ ಬೆಳೆಗಾರರ ಮುಂದೆ ಬಣ್ಣಿಸಬೇಡಿ. ಅವರ ಚಿಗುರನ್ನು ಕರಕಲು ಮಾಡುವುದೂ ಅದೇ. ವಿಚಿತ್ರವೆಂದರೆ, ಸುಡುವಷ್ಟು ಮಿತಿಮೀರದಿದ್ದರೆ ಈ ಚಳಿಯೇ ಗಿಡದ ಬೆಳವಣಿಗೆಯನ್ನು ನಿಧಾನ ಮಾಡಿ ಎಲೆಗೆ ಪರಿಮಳ ತುಂಬುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಿತ್ತ ಎಲೆಯ ‘ಫ್ರಾಸ್ಟ್ ಟೀ’ಗೆ ಅದಕ್ಕೇ ಅಷ್ಟು ಬೆಲೆ. ಅದನ್ನು ಹಾಲು ಹಾಕದೆ ಕುಡಿಯಿರಿ. ಹಾಲಿನ ಟೀಗೆ ಅಂಗಡಿಯ ಡಸ್ಟ್ ಪುಡಿಯೇ ಸರಿ. ಜೊತೆಗೆ ಅಲ್ಲಿನ ಬೇಕರಿಗಳ ಗರಿಗರಿ ವರ್ಕಿ ಇರಲಿ. ಪ್ರವಾಸಿಗರು ಚಾಕೊಲೇಟ್ ಅಂಗಡಿಗೆ ಮುಗಿಬೀಳುತ್ತಾರೆ, ನನ್ನ ಮಟ್ಟಿಗೆ ಊಟಿಯ ಚಳಿಗಾಲದ ತಿಂಡಿ ಎಂದರೆ ವರ್ಕಿಯೇ. ಸೌದೆ ಒಲೆಯ ಬೇಕರಿ ಸಿಕ್ಕರೆ ಬಿಡಬೇಡಿ, ಅಲ್ಲಿ ನಿಂತು ಕಾಯುವುದೂ ಬೆಚ್ಚಗೇ.

ರಾತ್ರಿಯೂಟಕ್ಕೆ ನಿಮ್ಮೂರ ರೂಢಿ ಬಿಡಬೇಕಾಗಿಲ್ಲ. ಬಡಗರ ಮನೆಯಲ್ಲೂ ರಾಗಿ ಹಿಟ್ಟು, ಅವರೆ ಸಾರು ಉಂಟು. ಒಂದು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ: ಇದ್ದಿಲ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಬೇಡಿ. ಅದು ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬಿಸಿನೀರಿನ ಚೀಲ, ಕಿವಿ ಮುಚ್ಚುವ ಟೋಪಿ, ಒಣ ಕಾಲುಚೀಲ ಸಾಕು.

ಇನ್ನು ಮುದುಡಿದ ಮನಸ್ಸಿನ ವಿಷಯ. ಅದಕ್ಕೆ ಜನ ಬೇಕು. ಡಿಸೆಂಬರ್ ಕೊನೆ, ಜನವರಿ ಹೊತ್ತಿಗೆ ಬಡಗರ ದೇವತೆ ಹೆತ್ತೆಯ ಹಬ್ಬ ಬರುತ್ತದೆ. ಕೋತಗಿರಿ ಕಡೆಯ ಬೇರಗಣಿಯಲ್ಲಿ ಬಿಳಿಬಟ್ಟೆ ತೊಟ್ಟ ಸಾವಿರಾರು ಜನ ಸೇರುತ್ತಾರೆ. ಕಿವಿಗೊಟ್ಟರೆ ಕನ್ನಡಕ್ಕೆ ಹತ್ತಿರವಾದ ಅವರ ಮಾತು ನಿಮಗೆ ಬೇಗನೆ ಹತ್ತುತ್ತದೆ. ಬಡಗ ಸಹೋದ್ಯೋಗಿಗಳಿದ್ದರೆ ತಾರೀಕು ಕೇಳಿ ಅವರ ಜೊತೆಗೇ ಹೋಗಿ. ಜಿಲ್ಲೆಗೆ ಅಂದು ಸ್ಥಳೀಯ ರಜೆ ಕೊಡುವುದುಂಟು, ಆದರೆ ಬ್ಯಾಂಕುಗಳಿಗೆ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದ್ದರಿಂದ ಮ್ಯಾನೇಜರಿಗೆ ಈಗಲೇ ರಜೆಚೀಟಿ ಕೊಟ್ಟಿಡಿ.