ಯಾರೂ ಕೂರದ ಗಾಡಿಯ ಚಕ್ರ

2021ರ ಮಾರ್ಚ್‌ನಲ್ಲಿ ನಾನು 72 ಡಾಲರ್ ಉಳಿಸಿದೆ. ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ನಮ್ಮ ಮನೆ. ಹತ್ತಿರದ ಟೈರ್ ಅಂಗಡಿಯೊಂದರಲ್ಲಿ ನಮ್ಮ ಟ್ರಾವೆಲ್ ಟ್ರೇಲರಿಗೆ ನಾಲ್ಕು ಹೊಸ ಟೈರ್ ಹಾಕಿಸುತ್ತಿದ್ದೆ. ಬಿಲ್ ಬರೆಯುವ ಮುಂಚೆ ಅಂಗಡಿಯವನು ಕೇಳಿದ: "ಬ್ಯಾಲೆನ್ಸಿಂಗ್ ಬೇಕಾ? ಚಕ್ರಕ್ಕೆ 18 ಡಾಲರ್. ಟ್ರೇಲರಿಗೆ ಸಾಮಾನ್ಯವಾಗಿ ಯಾರೂ ಮಾಡಿಸಲ್ಲ." ಟೈರುಗಳಿಗೇ ಆಗಲೇ 560 ಡಾಲರ್ ಆಗಿತ್ತು. ಯಾರೂ ಮಾಡಿಸದ್ದನ್ನು ನಾನೇಕೆ ಮಾಡಿಸಲಿ ಅನ್ನಿಸಿ ಬೇಡ ಅಂದೆ.

ಟ್ರಾವೆಲ್ ಟ್ರೇಲರ್ ಎಂದರೆ ಪಿಕಪ್ ಟ್ರಕ್ಕಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಪುಟ್ಟ ಮನೆ. ಹಾಸಿಗೆ, ಒಲೆ, ಫ್ರಿಜ್, ಬಚ್ಚಲು, ನೀರಿನ ಟ್ಯಾಂಕು ಎಲ್ಲವೂ ಇರುತ್ತದೆ, ಎಂಜಿನ್ ಒಂದಿಲ್ಲ. ಅಮೆರಿಕದಲ್ಲಿ ತಯಾರಾಗುವ ಇಂಥ ಗಾಡಿಗಳಲ್ಲಿ ಬಹುಪಾಲು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತಲ ಕಾರ್ಖಾನೆಗಳಿಂದ ಬರುತ್ತವೆ. ನಮ್ಮದು 24 ಅಡಿಯದು, ಎರಡು ಆಕ್ಸಲ್, ನಾಲ್ಕು ಚಕ್ರ. 2019ರಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ 17,500 ಡಾಲರ್ ಕೊಟ್ಟು ಕೊಂಡೆವು. ಹೋದಲ್ಲೆಲ್ಲ ಹೋಟೆಲ್ ಬಾಡಿಗೆ ಉಳಿಯುತ್ತದೆ, ಕತ್ತಲಾದ ಮೇಲೆ ಮರುಭೂಮಿಯ ನಡುವೆಯೂ ಮಕ್ಕಳಿಗೆ ಬಿಸಿ ಸಾರನ್ನ ಸಿಗುತ್ತದೆ ಎಂಬುದು ಆಗಿನ ಲೆಕ್ಕ. ಆ ಲೆಕ್ಕ ಇಂದಿಗೂ ಸರಿಯಾಗಿಯೇ ಇದೆ.

ಹೊಸ ಟೈರ್ ಹಾಕಿಸಿದ ಎರಡು ತಿಂಗಳಿಗೆ ಟೆಕ್ಸಸ್‌ನ ಉತ್ತರ ತುದಿಯಲ್ಲಿರುವ ಪಾಲೊ ಡ್ಯೂರೊ ಕಣಿವೆಗೆ ಹೊರಟೆವು. ಪ್ಲೇನೋದಿಂದ ಸುಮಾರು 350 ಮೈಲಿ. ಪಿಕಪ್ಪಿನೊಳಗೆ ನಮಗೆ ಏನೂ ಗೊತ್ತಾಗಲಿಲ್ಲ. ಸ್ಟೀರಿಂಗ್ ನಡುಗಲಿಲ್ಲ, ಶಬ್ದ ಬರಲಿಲ್ಲ. ಕ್ಯಾಂಪಿನಲ್ಲಿ ನಿಲ್ಲಿಸಿ ಟ್ರೇಲರ್ ಬಾಗಿಲು ತೆಗೆದರೆ ನೆಲದ ಮೇಲೆ ಮೂರು ಸ್ಕ್ರೂ ಬಿದ್ದಿದ್ದವು. ತಲೆಮಟ್ಟದ ಕಪಾಟಿನ ಬಾಗಿಲು ಒಂದೇ ಹಿಂಜಿನಲ್ಲಿ ಜೋತಾಡುತ್ತಿತ್ತು. ಸಾಸಿವೆ ಡಬ್ಬಿ ಮುಚ್ಚಳ ಕಳಚಿಕೊಂಡು ಹಾಸಿಗೆಯವರೆಗೂ ಸಾಸಿವೆ. ರಸ್ತೆ ಸರಿಯಿಲ್ಲವೇನೋ ಎಂದುಕೊಂಡು ನಾನು ಸ್ಕ್ರೂ ತಿರುಗಿಸಿ ಕೂರಿಸಿದೆ, ಹೆಂಡತಿ ಸಾಸಿವೆ ಗುಡಿಸಿದಳು. ಕಣ್ಣಿಗೆ ಕಾಣದೇ ಹೋದದ್ದು ಬೇರೆ ಇತ್ತು. ಸಿಂಕಿನ ಕೆಳಗೆ, ಗೋಡೆಗೆ ಅಂಟಿದಂತೆ ಇರುವ ಪ್ಲಾಸ್ಟಿಕ್ ಪೈಪಿನ ಜಾಯಿಂಟ್ ಸಡಿಲಗೊಂಡು ತೊಟ್ಟಿಕ್ಕುತ್ತಿತ್ತು. ಸೆಪ್ಟೆಂಬರಿನಲ್ಲಿ ಕಾಲಿಟ್ಟ ಕಡೆ ನೆಲ ಮೆತ್ತಗಾದಾಗಲೇ ಅದು ತಿಳಿದದ್ದು. ಪ್ಲೈವುಡ್ ಉಬ್ಬಿತ್ತು. ಒಂದಿಷ್ಟು ನೆಲ ಕಿತ್ತು ಹೊಸದು ಹಾಕಿಸಲು 640 ಡಾಲರ್ ಹೋಯಿತು.

ಅಷ್ಟಾದರೂ ಚಕ್ರದ ಕಡೆ ನನ್ನ ಗಮನ ಹೋಗಲಿಲ್ಲ. ಅದನ್ನು ತೋರಿಸಿದವರು ನಮ್ಮ ಮಾವ.

ತಿಪಟೂರಿನ ಕಡೆಯವರು ಅವರು. ಮೂವತ್ತು ವರ್ಷ ಕೊಬ್ಬರಿ ಲಾರಿ ಇಟ್ಟುಕೊಂಡಿದ್ದವರು. 2022ರ ವಸಂತದಲ್ಲಿ ಅತ್ತೆಯ ಜೊತೆ ಬಂದು ನಮ್ಮಲ್ಲಿ ಕೆಲವು ತಿಂಗಳಿದ್ದರು. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಟ್ರೇಲರಿನ ಸುತ್ತ ಒಂದು ಸುತ್ತು ಬಂದು, ಲೋಟ ಕೆಳಗಿಟ್ಟು, ಹಿಂದಿನ ಎಡ ಟೈರಿನ ಮೇಲೆ ಅಂಗೈ ಇಟ್ಟು ನಿಧಾನವಾಗಿ ಸವರಿದರು.

"ಅಳಿಯಂದ್ರೆ, ಇಲ್ಲಿ ಕೈಯಿಟ್ಟು ನೋಡಿ. ಅಲೆ ಅಲೆಯಾಗಿ ಸವೆದಿದೆ."

ನೋಡಿದೆ. ಕಣ್ಣಿಗೆ ನುಣ್ಣಗೆ ಕಂಡ ಟೈರು ಕೈಗೆ ಏರು ತಗ್ಗಾಗಿ ಸಿಕ್ಕಿತು. ಒಂದು ಗೇಣಿಗೊಂದು ತಗ್ಗು. ಟೈರಿಗೆ ಇನ್ನೂ ಹದಿನಾಲ್ಕು ತಿಂಗಳು ತುಂಬಿರಲಿಲ್ಲ.

"ಬ್ಯಾಲೆನ್ಸ್ ಮಾಡಿಸಿಲ್ವಾ?"

"ಇಲ್ಲ ಮಾವ. ಟ್ರೇಲರಿಗೆ ಬೇಕಾಗಲ್ಲ ಅಂದ್ರು."

"ಲಾರಿ ಹಿಂದಿನ ಚಕ್ರಕ್ಕೆ ನಾವೂ ಮಾಡಿಸ್ತಿರಲಿಲ್ಲ ಬಿಡಿ. ಕೊಬ್ಬರಿ ಚೀಲ ಅಲ್ಲಾಡಿದ್ರೆ ಏನಾಗುತ್ತೆ? ನೀವು ಇದರೊಳಗೆ ಮನೇನೇ ಕಟ್ಕೊಂಡಿದ್ದೀರಲ್ಲ."

ಅವರು ಕಾಫಿ ಮುಗಿಸಲು ಹೋದರು. ನಾನು ಅಲ್ಲೇ ನಿಂತುಬಿಟ್ಟೆ. ಒಂದು ವರ್ಷದಿಂದ ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆಯನ್ನು ಅವರು ಹಾಗೆಯೇ ಕೇಳಿ ಹೋಗಿದ್ದರು. ಕಾರಿನ ಚಕ್ರ ಅದುರಿದರೆ ನಮ್ಮ ಕೈಗೇ ಗೊತ್ತಾಗುತ್ತದೆ, ಮರುದಿನವೇ ಅಂಗಡಿಗೆ ಒಯ್ಯುತ್ತೇವೆ. ಟ್ರೇಲರ್ ಓಡುವಾಗ ಅದರೊಳಗೆ ಯಾರೂ ಕೂತಿರುವುದಿಲ್ಲ. ಬಹಳಷ್ಟು ರಾಜ್ಯಗಳಲ್ಲಿ ಕೂರುವಂತೆಯೂ ಇಲ್ಲ. ಅದುರುವುದನ್ನು ಅನುಭವಿಸುವುದು ಸ್ಕ್ರೂ, ಹಿಂಜು, ಪೈಪಿನ ಜಾಯಿಂಟು. ಅವು ಬಾಯಿಬಿಟ್ಟು ಹೇಳುವುದಿಲ್ಲ, ಬಿಲ್ಲಿನ ರೂಪದಲ್ಲಿ ಹೇಳುತ್ತವೆ.

ಆ ಸಂಜೆ ಕಾಗದ ಪೆನ್ನು ಹಿಡಿದು ಕೂತೆ. ನಮ್ಮ ಟೈರಿನ ಅಳತೆ ಎಸ್‌ಟಿ 225/75 ಆರ್ 15. ಎಸ್‌ಟಿ ಎಂದರೆ ಟ್ರೇಲರಿಗೆಂದೇ ಮಾಡಿದ್ದು. ಎತ್ತರ ಸುಮಾರು 28 ಇಂಚು. ಗಂಟೆಗೆ 60 ಮೈಲಿ ಓಟದಲ್ಲಿ ಇದು ಸೆಕೆಂಡಿಗೆ 12 ಸುತ್ತು ಹೊಡೆಯುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದು ಔನ್ಸ್, ಅಂದರೆ 28 ಗ್ರಾಂ, ತೂಕ ಒಂದೇ ಕಡೆಗೆ ಹೆಚ್ಚಾಗಿದ್ದರೆ ಆ ವೇಗದಲ್ಲಿ ಅದು ಸುಮಾರು ಮೂರು ಕೆಜಿ ಬಲದಿಂದ ಆಕ್ಸಲನ್ನು ಮೇಲಕ್ಕೂ ಕೆಳಕ್ಕೂ ಜಗ್ಗುತ್ತದೆ. ನಾಲ್ಕು ಔನ್ಸ್ ಆದರೆ 12 ಕೆಜಿ. ಸೆಕೆಂಡಿಗೆ ಹನ್ನೆರಡು ಸಲ, ಗಂಟೆಗಟ್ಟಲೆ. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 75 ಮೈಲಿಗೆ ಹೋದರೆ ಅದೇ ನಾಲ್ಕು ಔನ್ಸ್ 19 ಕೆಜಿ ಆಗುತ್ತದೆ. ಕಾರಿನಲ್ಲಾದರೆ ಈ ಅದುರುವಿಕೆಯನ್ನು ನುಂಗಲು ಶಾಕ್ ಅಬ್ಸಾರ್ಬರ್ ಇರುತ್ತದೆ. ನಮ್ಮ ಟ್ರೇಲರಿನಂಥವಕ್ಕೆ ಬರೀ ಪಟ್ಟಿ ಸ್ಪ್ರಿಂಗು, ಅದರ ಮೇಲೆ ನೇರವಾಗಿ ಮನೆ.

ಮರುವಾರ ಬ್ಯಾಲೆನ್ಸ್ ಮಾಡಿಸಿದೆ, ದುಡ್ಡು ದಂಡವಾಯಿತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಟ್ರೇಲರ್ ಇರುವ ಕನ್ನಡದ ಸ್ನೇಹಿತರಲ್ಲಿ ಇಬ್ಬರಿಗೆ ಇದೇ ಅನುಭವವಾಗಿದೆ. ಅವರು "ಮಾಡಿಸಿದರೂ ಉಪಯೋಗವಿಲ್ಲ" ಎಂದು ತೀರ್ಮಾನಿಸಿ ಬಿಟ್ಟುಬಿಟ್ಟಿದ್ದಾರೆ. ಕಾರಿನ ಚಕ್ರ ಸಾಮಾನ್ಯವಾಗಿ ನಡುವಿನ ತೂತಿನ ಆಧಾರದ ಮೇಲೆ ಹಬ್ಬಿನಲ್ಲಿ ಕೂರುತ್ತದೆ. ಅಂಗಡಿಯ ಯಂತ್ರದಲ್ಲೂ ಆ ತೂತಿಗೇ ಕೋನ್ ತೂರಿಸಿ ಚಕ್ರವನ್ನು ನಡುವಿಗೆ ತರುತ್ತಾರೆ. ಟ್ರೇಲರ್ ಚಕ್ರಗಳಲ್ಲಿ ಬಹುಪಾಲು ನಟ್ಟುಗಳ ಆಧಾರದ ಮೇಲೆ ಕೂರುವಂಥವು, ನಡುವಿನ ತೂತು ಅಷ್ಟು ಕರಾರುವಾಕ್ಕಾಗಿ ಇರಬೇಕಾಗಿಲ್ಲ. ಆ ತೂತನ್ನು ನಂಬಿ ಬ್ಯಾಲೆನ್ಸ್ ಮಾಡಿದರೆ ಚಕ್ರ ಯಂತ್ರದ ಮೇಲೆ ಸರಿಯಾಗಿ ತಿರುಗುತ್ತದೆ, ಗಾಡಿಯ ಮೇಲೆ ಅಲ್ಲ. ನಟ್ಟಿನ ತೂತುಗಳಿಗೇ ಕೂರುವ, ಆರು ಬೆರಳು ಚಾಚಿದಂಥ ಪ್ಲೇಟೊಂದು ಇದೆ. ಅದನ್ನು ಹಾಕಿ ಮಾಡಬೇಕು. ಮೊದಲ ಅಂಗಡಿಯಲ್ಲಿ ಕೋನ್ ಹಾಕಿಯೇ ಮುಗಿಸಿದ್ದರು. ಎರಡನೆಯ ಅಂಗಡಿಯವನು, ಲಾರಿ ಟೈರಿನವನು, ನಾನು ಕೇಳುವ ಮೊದಲೇ ಆ ಪ್ಲೇಟು ತೆಗೆದುಕೊಂಡ. ಹಳೆಯ ತೂಕಗಳನ್ನೆಲ್ಲ ಕಿತ್ತು ಹೊಸದಾಗಿ ನೋಡಿದ. ಎಡ ಹಿಂದಿನ ಚಕ್ರಕ್ಕೆ ಐದು ಔನ್ಸಿಗೂ ಹೆಚ್ಚು ಬೇಕಾಯಿತು. ಉಳಿದವಕ್ಕೆ ಎರಡು, ಎರಡೂವರೆ, ಒಂದು.

ವ್ಯತ್ಯಾಸ ನಿಜವೇ ಎಂದು ತಿಳಿಯಲು ನಾನು ಮಾಡಿದ ಪ್ರಯೋಗ ತೀರಾ ಸರಳ. ಸಿಂಕಿನ ಪಕ್ಕ ಸ್ಟೀಲ್ ಲೋಟದಲ್ಲಿ ಮುಕ್ಕಾಲು ನೀರು, ಎದುರಿಗೆ ಮೊಬೈಲ್ ಕಟ್ಟಿ ವಿಡಿಯೋ. ಎರಡನೆಯ ಅಂಗಡಿಗೆ ಹೋಗುವಾಗ ಹತ್ತು ಮೈಲಿ, ಬರುವಾಗ ಅದೇ ರಸ್ತೆಯಲ್ಲಿ ಹತ್ತು ಮೈಲಿ, ಎರಡೂ ಸಲ 60ರಲ್ಲಿ. ಮೊದಲ ವಿಡಿಯೋದಲ್ಲಿ ಲೋಟ ತಾನಾಗಿಯೇ ಜರುಗುತ್ತ ಹೋಗಿ ಸಿಂಕಿಗೆ ಬೀಳುತ್ತದೆ. ಎರಡನೆಯದರಲ್ಲಿ ಸೇತುವೆಯ ಸಂದುಗಳ ಮೇಲೆ ಹಾರಿದಾಗ ನೀರು ತುಳುಕುತ್ತದೆ, ಆದರೆ ಲೋಟ ಇಟ್ಟಲ್ಲೇ ಇದೆ. ಮಾವ ಆ ವಿಡಿಯೋವನ್ನು ಮೂರು ಸಲ ನೋಡಿದರು.

ಇನ್ನು ಹಣದ ಮಾತು. ನೆಲದ 640 ಡಾಲರನ್ನು ಪೂರ್ತಿಯಾಗಿ ಚಕ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆ ಜಾಯಿಂಟು ಕಾರ್ಖಾನೆಯಲ್ಲೇ ಸಡಿಲವಾಗಿ ಕೂತಿದ್ದಿರಬಹುದು, ಹೆದ್ದಾರಿಯ ಗುಂಡಿಗಳ ಪಾಲೂ ಇದ್ದೀತು. ಅದನ್ನು ಪಕ್ಕಕ್ಕಿಟ್ಟೇ ಲೆಕ್ಕ ಹಾಕುತ್ತೇನೆ. ಅಲೆಯಾಗಿ ಸವೆದ ಎರಡು ಟೈರನ್ನು ಅವಧಿಗೆ ಮುಂಚೆ ಬದಲಿಸಬೇಕಾಯಿತು, ಅದಕ್ಕೇ 290 ಡಾಲರ್. ಮೊದಲ ದಿನ ಸ್ಟೆಪ್ನಿಯನ್ನೂ ಸೇರಿಸಿ ಬ್ಯಾಲೆನ್ಸ್ ಮಾಡಿಸಿದ್ದರೆ 90 ಆಗುತ್ತಿತ್ತು. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 18 ಡಾಲರ್, ಒಂದು ರಾತ್ರಿಯ ಕ್ಯಾಂಪ್ ಬಾಡಿಗೆಗಿಂತ ಕಡಿಮೆ.

ಆದರೂ ವಿರುದ್ಧ ವಾದದಲ್ಲಿ ಒಂದು ಸತ್ಯವಿದೆ. ಟ್ರೇಲರ್ ಟೈರು ಸಾಮಾನ್ಯವಾಗಿ ಸವೆದು ಸಾಯುವುದಿಲ್ಲ, ವಯಸ್ಸಾಗಿ ಸಾಯುತ್ತದೆ. ನಾವು ವರ್ಷಕ್ಕೆ ನಾಲ್ಕು ಸಾವಿರ ಮೈಲಿ ಓಡಿಸಿದರೆ ಹೆಚ್ಚು. ಬಿಸಿಲಲ್ಲಿ ನಿಂತ ರಬ್ಬರು ಐದಾರು ವರ್ಷಕ್ಕೆ ಒಳಗೊಳಗೇ ಬಿರಿಯುತ್ತದೆ, ಮೇಲಿನ ಪಟ್ಟೆ ಹೊಸದರಂತೆಯೇ ಕಾಣುತ್ತಿರುತ್ತದೆ. ಹಾಗಾಗಿ ಟೈರಿನ ಆಯುಷ್ಯಕ್ಕಾಗಿ ಮಾತ್ರ ಬ್ಯಾಲೆನ್ಸ್ ಮಾಡಿಸುತ್ತೇನೆ ಎನ್ನುವವರಿಗೆ ದೊಡ್ಡ ಲಾಭವಿಲ್ಲ. ನಾನು ಮಾಡಿಸುವುದು ಒಳಗಿನ ಮನೆಗಾಗಿ. ಮಣ್ಣು, ಮರ, ಹುಲ್ಲು ಕತ್ತರಿಸುವ ಯಂತ್ರ ಹೇರುವ ತೆರೆದ ಟ್ರೇಲರ್ ಒಂದು ನಮ್ಮ ಹಿತ್ತಲಲ್ಲಿದೆ. ಅದಕ್ಕೆ ಇವತ್ತಿಗೂ ಬ್ಯಾಲೆನ್ಸ್ ಮಾಡಿಸಿಲ್ಲ. ಅದು ಕೊಬ್ಬರಿ ಚೀಲದ ಲೆಕ್ಕ.

ಬ್ಯಾಲೆನ್ಸ್ ಮಾಡಿಸಿದೆ, ಇನ್ನು ಚಿಂತೆಯಿಲ್ಲ ಎಂದುಕೊಳ್ಳುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಆಸ್ಟಿನ್‌ನಲ್ಲಿರುವ ಗೆಳೆಯನ ಟ್ರೇಲರಿನ ಚಕ್ರಗಳು ಬ್ಯಾಲೆನ್ಸ್ ಆಗಿದ್ದವು. ಜುಲೈ ಮಧ್ಯಾಹ್ನ ಅಬಿಲೀನ್ ದಾಟಿ ಹೋಗುವಾಗ ಒಂದು ಟೈರು ಸಿಡಿದು, ಬಾರುಕೋಲಿನಂತೆ ಬೀಸಿ, ಗಾಡಿಯ ತಳವನ್ನೂ ಗ್ಯಾಸ್ ಪೈಪನ್ನೂ ಹರಿದುಹಾಕಿತು. ಯಾರಿಗೂ ಏನೂ ಆಗಲಿಲ್ಲ, ಅದು ಅವನ ಹೆಂಡತಿ ಮಕ್ಕಳ ಪುಣ್ಯ. ಆ ಟೈರಿಗೆ ಏಳು ವರ್ಷವಾಗಿತ್ತು. ಟೈರಿನ ಪಕ್ಕೆಯಲ್ಲಿ ಡಾಟ್ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕೆಗಳೇ ಅದರ ಜಾತಕ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅವನು ಅದನ್ನು ಒಮ್ಮೆಯೂ ಓದಿರಲಿಲ್ಲ.

ಅದಕ್ಕೇ ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ಖರ್ಚು ಮಾಡಬೇಕಾದ್ದು ಬ್ಯಾಲೆನ್ಸಿಗೆ ಅಲ್ಲ. ಗಾಳಿಯ ಒತ್ತಡ ನೋಡುವ ಒಳ್ಳೆಯ ಗೇಜಿಗೆ. ನಮ್ಮ ಅಳತೆಯ, ಲೋಡ್ ರೇಂಜ್ ಇ ಟೈರು 80 ಪಿಎಸ್‌ಐ ಗಾಳಿಯಲ್ಲಿ 2,830 ಪೌಂಡ್ ಹೊರುತ್ತದೆ, 65ಕ್ಕೆ ಇಳಿದರೆ 2,540 ಮಾತ್ರ. ಒಂದು ಟೈರಿಗೆ 290 ಪೌಂಡ್ ಶಕ್ತಿ ಕೇವಲ ಗಾಳಿಯ ಉದಾಸೀನದಿಂದ ಹೋಗುತ್ತದೆ. ಆಮೇಲೆ ತೂಕ. ಹೆದ್ದಾರಿಯ ಟ್ರಕ್ ನಿಲ್ದಾಣಗಳಲ್ಲಿ ಲಾರಿ ತೂಗುವ ಕ್ಯಾಟ್ ಸ್ಕೇಲ್ ಇರುತ್ತದೆ. ಹದಿನೈದು ಡಾಲರಿನ ಆಸುಪಾಸಿನಲ್ಲಿ ತುಂಬಿದ ಗಾಡಿಯ ನಿಜವಾದ ಭಾರ ತಿಳಿಯುತ್ತದೆ. ನಮ್ಮ ಅಕ್ಕಿ, ಬೇಳೆ, ಕುಕ್ಕರ್, ನೀರು ಎಲ್ಲ ಸೇರಿ ಎಷ್ಟಾಗಿತ್ತೆಂದು ತಿಳಿದಾಗ ನಾನು ದಂಗಾದೆ. ಆಮೇಲೆ ಬೇರಿಂಗಿನ ಗ್ರೀಸು. ಎತ್ತಿನಗಾಡಿಗೆ ಕೀಲೆಣ್ಣೆ ಇದ್ದಂತೆ ಇದಕ್ಕೆ ಅದು, ವರ್ಷಕ್ಕೊಮ್ಮೆ ತಪ್ಪಬಾರದು. ಟೈರಿನ ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ 2007ರ ಸೆಪ್ಟೆಂಬರಿನಿಂದ ಇಲ್ಲಿ ತಯಾರಾಗುವ ಎಲ್ಲ ಹೊಸ ಕಾರುಗಳಲ್ಲಿ ಕಡ್ಡಾಯ, ಆದರೆ ಆ ನಿಯಮ ಟ್ರೇಲರಿಗಿಲ್ಲ. ನಾನು ಪ್ರತ್ಯೇಕವಾಗಿ ಕೊಂಡು ಹಾಕಿದ್ದೇನೆ. ಟೆಕ್ಸಸ್‌ನಲ್ಲಂತೂ 2025ರ ಜನವರಿಯಿಂದ ಖಾಸಗಿ ವಾಹನಗಳ ವಾರ್ಷಿಕ ಸುರಕ್ಷತಾ ತಪಾಸಣೆಯೇ ನಿಂತಿದೆ. ಈಗ ಟೈರನ್ನು ಬಗ್ಗಿ ನೋಡುವವರು ನಾವು ಮಾತ್ರ.

ಖರ್ಚೇ ಇಲ್ಲದ ಒಂದು ಉಪಾಯವೂ ಇದೆ: ನಿಧಾನ. ಪಶ್ಚಿಮ ಟೆಕ್ಸಸ್‌ನ ಹೆದ್ದಾರಿಯಲ್ಲಿ 80ರ ಫಲಕ ಇರುತ್ತದೆ. ನಾನು 62 ದಾಟುವುದಿಲ್ಲ.

ಚಕ್ರದೊಳಗೆ ಮಣಿಗಳನ್ನು ಸುರಿದು ತಾನಾಗಿಯೇ ಸಮತೋಲ ಆಗುವಂತೆ ಮಾಡುವ ವಿಧಾನವೂ ಇದೆ, ಚಕ್ರಕ್ಕೂ ಹಬ್ಬಿಗೂ ನಡುವೆ ಕೂರಿಸುವ ಬಳೆಯಂಥ ಸಾಧನವೂ ಇದೆ. ಬಳೆಯ ಪರವಾಗಿ ಒಂದು ಮಾತು ಹೇಳಬಹುದು: ಅಂಗಡಿಯ ಯಂತ್ರಕ್ಕೆ ಬ್ರೇಕ್ ಡ್ರಮ್ಮಿನ ತೂಕದ ಏರುಪೇರು ಕಾಣುವುದಿಲ್ಲ, ಬಳೆ ಅದನ್ನೂ ಸರಿದೂಗಿಸುತ್ತದೆ. ಆದರೆ ನಮ್ಮಷ್ಟು ಓಡಿಸುವವರಿಗೆ ಆ ಬೆಲೆ ಹುಟ್ಟುವುದಿಲ್ಲ.

ಈ ವರ್ಷ ಮಾರ್ಚ್‌ನಲ್ಲಿ ಐದು ಟೈರುಗಳನ್ನೂ ಒಟ್ಟಿಗೆ ಬದಲಿಸಿದೆ. ಬಿಲ್ ಬರೆಸುವ ಮುಂಚೆ ಟೈರು ತರಿಸಿ ಅಂಕೆ ಓದಿದೆ: 4125. ಕಳೆದ ವರ್ಷದ ನಲವತ್ತೊಂದನೆಯ ವಾರ. ಆರು ಬೆರಳಿನ ಪ್ಲೇಟು ಇದೆಯೇ ಎಂದು ಕೇಳಿ, ತೋರಿಸಿದ ಮೇಲೆ ಒಪ್ಪಿದೆ. ಈಗ ಚಕ್ರಕ್ಕೆ 22 ಡಾಲರ್, ಐದಕ್ಕೆ 110. ಮರುದಿನ ಬೆಳಿಗ್ಗೆ ಮತ್ತೆ ಪಾಲೊ ಡ್ಯೂರೊ ದಾರಿ. ಚಕ್ರ ಬಿಚ್ಚಿ ಹಾಕಿದ ಮೇಲೆ 10, 25, 50 ಮೈಲಿಗೆ ನಟ್ಟುಗಳ ಬಿಗಿ ನೋಡಬೇಕು. 50 ಮೈಲಿ ದಾಟುವಷ್ಟರಲ್ಲಿ ಡೆಕೇಟರ್ ಬಂತು. ರಸ್ತೆ ಬದಿಗೆ ನಿಲ್ಲಿಸಿ ಟಾರ್ಕ್ ವ್ರೆಂಚ್ ಹಿಡಿದು ಒಂದೊಂದೇ ನಟ್ಟು ನೋಡುತ್ತ ಬಂದೆ. ಎರಡು ನಟ್ಟು ಕಾಲು ಸುತ್ತು ತಿರುಗಿದವು. ಹೆಂಡತಿ ಟ್ರೇಲರ್ ಬಾಗಿಲು ತೆಗೆದು ಒಳಗೆ ಇಣುಕಿ ಬಂದಳು. ಸಾಸಿವೆ ಡಬ್ಬಿ ಇಟ್ಟಲ್ಲೇ ಇತ್ತು.