ಯಾವ ಶಕ್ತಿ ಎಂದು ಕೇಳು

ಮಗಾ, ಜಿಮ್‌ನಲ್ಲಿ ಯಾರಾದರೂ "ಎಷ್ಟು ಎತ್ತುತ್ತೀ?" ಎಂದು ಕೇಳಿದರೆ ನೀನು ಬೆಂಚ್‌ಪ್ರೆಸ್‌ನ ಕಿಲೋ ಹೇಳುತ್ತೀ. ಆ ಲೆಕ್ಕ ಸುಳ್ಳಲ್ಲ. ಆದರೆ ನಿನ್ನ ಎದೆ, ತೋಳು ಸೇರಿ ಒಂದೇ ಒಂದು ಸಲ ಮಾಡಬಲ್ಲ ಕೆಲಸದ ಲೆಕ್ಕ ಅದು, ಅಷ್ಟೇ. ಗುರುಪೂರ್ಣಿಮೆಯಿಂದ ಮೊಸರುಕುಡಿಕೆಗೆ ಮಾನವ ಗೋಪುರ ಕಟ್ಟುವ ಗೋವಿಂದಾ ಪಥಕದ ಅಭ್ಯಾಸಕ್ಕೆ ಹೋಗುತ್ತೇನೆ, ಕೆಳಗಿನ ಥರದಲ್ಲಿ, ಅಂದರೆ ತಳದ ಅಂತಸ್ತಿನಲ್ಲಿ, ನಿಲ್ಲುತ್ತೇನೆ ಎನ್ನುತ್ತಿದ್ದೀಯಲ್ಲ, ಅದಕ್ಕೆ ಮುಂಚೆ ಈ ಮಾತು ಕೇಳು. ಈ ಊರಿನ ಕನ್ನಡ ಶಾಲೆಯ ಮಕ್ಕಳಿಗೆ ದಂಡ, ಬಸ್ಕಿ ಹೊಡೆಸುತ್ತಲೇ ಕೂದಲು ಬೆಳ್ಳಗಾದವನು ನಾನು. ಬಲವಿದ್ದ ಹುಡುಗರು ಸೋತದ್ದನ್ನು ಬಹಳ ನೋಡಿದ್ದೇನೆ. ಬೇಕಾದ ಬಲ ಒಂದು, ಅವರು ಬೆಳೆಸಿಕೊಂಡ ಬಲ ಇನ್ನೊಂದು.

ಮೊಸರುಕುಡಿಕೆಯ ಗೋಪುರವನ್ನೇ ನೋಡು. 2012ರಲ್ಲಿ ಜೋಗೇಶ್ವರಿಯ ಜೈ ಜವಾನ್ ಪಥಕ ಠಾಣೆಯಲ್ಲಿ ಒಂಬತ್ತು ಥರ ಕಟ್ಟಿತು. ಎತ್ತರ 13.34 ಮೀಟರ್. ಅದರಲ್ಲಿ ತಳದವರ ಕೆಲಸ ಎತ್ತುವುದಲ್ಲ, ಅಲುಗದೆ ಹೊರುವುದು. ಸ್ನಾಯು ಬಿಗಿದಿರುತ್ತದೆ, ಕೀಲು ಕದಲುವುದಿಲ್ಲ. ಇದು ಸ್ಥಿರಬಲ. ನಡುವಿನ ಥರದವರು ಇನ್ನೊಬ್ಬರ ತೊಡೆ, ಭುಜ ಮೆಟ್ಟಿ ತಮ್ಮ ಮೈಯನ್ನು ತಾವೇ ಮೇಲಕ್ಕೆ ಸೆಳೆದುಕೊಳ್ಳಬೇಕು. ಅಲ್ಲಿ ಮೈತೂಕಕ್ಕೆ ತಕ್ಕ ಬಲ ಬೇಕು. ಎಂಬತ್ತು ಕಿಲೋ ಒತ್ತುವವನಿಗೆ ಒಂದು ಪುಲ್‌ಅಪ್ ಬಾರದಿದ್ದರೆ ಆ ಜಾಗ ಅವನದಲ್ಲ. ಈ ಬಲ ಹೇಗಿರುತ್ತದೆಂದು ಕಣ್ಣಾರೆ ನೋಡಬೇಕಿದ್ದರೆ ಒಂದು ಸಂಜೆ ದಾದರಿನ ಶಿವಾಜಿ ಪಾರ್ಕಿಗೆ ಹೋಗು. ಸಮರ್ಥ ವ್ಯಾಯಾಮ ಮಂದಿರದ ಹುಡುಗ ಹುಡುಗಿಯರು ಹರಳೆಣ್ಣೆ ಸವರಿದ ಕಂಬದ ಮೇಲೆ ಮಲ್ಲಕಂಬ ಆಡುತ್ತಾರೆ. ನಿನ್ನಷ್ಟು ದಪ್ಪ ತೋಳು ಅವರಲ್ಲಿ ಯಾರಿಗೂ ಕಾಣಲಿಕ್ಕಿಲ್ಲ.

ಇನ್ನು ಗರಿಷ್ಠ ಬಲ ಮತ್ತು ಸಿಡಿಬಲ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದ ಬೆಳ್ಳಿ ಗೆದ್ದದ್ದು ನಿನಗೆ ನೆನಪಿರಬಹುದು. ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕಿಲೋ. ತನ್ನ ತೂಕದ ಎರಡೂವರೆ ಪಟ್ಟಿಗೆ ಹತ್ತಿರದ ಭಾರವನ್ನು ತಲೆಯ ಮೇಲಕ್ಕೆ ಒಯ್ದ ಆ ಸಣ್ಣ ಮೈಯಲ್ಲಿ ಬಲದ ಜೊತೆ ವೇಗವೂ ಇತ್ತು. ನಿಧಾನಕ್ಕೆ ಎತ್ತಲು ಹೋದರೆ ಆ ಸರಳು ಎದೆಯ ಮಟ್ಟಕ್ಕೂ ಬಾರದು. ಕೊನೆಯದು ತಾಳಿಕೆಯ ಬಲ. ನಲವತ್ತರ ಹತ್ತಿರ ಡಬ್ಬಿ ತುಂಬಿದ ಉದ್ದನೆಯ ಹಲಗೆಯನ್ನು ತಲೆಯ ಮೇಲಿಟ್ಟು, ಚರ್ಚ್‌ಗೇಟ್‌ನ ಜನಸಂದಣಿಯನ್ನು ಸೀಳಿಕೊಂಡು ಹೋಗುವ ಡಬ್ಬಾವಾಲಾನಿಗೆ ಆ ಬಲವಿದೆ. ಅವನು ಅದನ್ನು ನಿತ್ಯದ ದುಡಿಮೆಯಲ್ಲೇ ಗಳಿಸಿದ್ದಾನೆ.

ಇವುಗಳಲ್ಲಿ ನಿನ್ನ ಹತ್ತಿರ ಯಾವುದಿದೆ, ಯಾವುದಿಲ್ಲ? ಊಹಿಸಬೇಡ, ಅಳೆ. ಒಂದು ನೋಟ್‌ಬುಕ್ ಇಟ್ಟುಕೊ.

ಗರಿಷ್ಠ ಬಲ ಅಳೆಯಲು ಪ್ರಾಣ ಹೋಗುವಷ್ಟು ಭಾರ ಹೇರಿಕೊಳ್ಳಬೇಕಾಗಿಲ್ಲ. ಸರಿಯಾದ ಭಂಗಿಯಲ್ಲಿ ಐದು ಸಲ ಎತ್ತಲು ಆಗಿ, ಆರನೆಯದು ಆಗದಂಥ ಭಾರ ಹುಡುಕು. ಐದನ್ನು 30ರಿಂದ ಭಾಗಿಸಿ, ಒಂದು ಕೂಡಿಸಿ, ಭಾರದಿಂದ ಗುಣಿಸು. 60 ಕಿಲೋ ಐದು ಸಲ ಎತ್ತಿದೆಯಾದರೆ ಒಂದು ಸಲಕ್ಕೆ ಸುಮಾರು 70 ಕಿಲೋ ಎತ್ತಬಲ್ಲೆ ಎಂದರ್ಥ. ಹತ್ತಕ್ಕಿಂತ ಹೆಚ್ಚು ಸಲ ಎತ್ತಿ ಈ ಲೆಕ್ಕ ಹಾಕಬೇಡ, ಆಗ ಅದು ದಾರಿ ತಪ್ಪಿಸುತ್ತದೆ. ಸಿಡಿಬಲಕ್ಕೆ ಸೀಮೆಸುಣ್ಣ ಸಾಕು. ಗೋಡೆಯ ಪಕ್ಕ ನಿಂತು ಕೈ ಮುಟ್ಟುವಲ್ಲಿ ಒಂದು ಗುರುತು, ಹಾರಿ ಮುಟ್ಟಿದಲ್ಲಿ ಇನ್ನೊಂದು. ನಡುವಿನ ಅಂತರವೇ ಉತ್ತರ. ತಾಳಿಕೆಗೆ ದಂಡ, ಬಸ್ಕಿ ಎಣಿಸು. ಭಂಗಿ ಕೆಟ್ಟಲ್ಲಿ ಎಣಿಕೆ ನಿಲ್ಲಿಸು. ಸ್ಥಿರಬಲಕ್ಕೆ ಗೋಡೆಗೆ ಬೆನ್ನು ಕೊಟ್ಟು, ತೊಡೆ ನೆಲಕ್ಕೆ ಸಮಾನವಾಗುವಂತೆ ಕುಳಿತು ಸೆಕೆಂಡ್ ಎಣಿಸು. ಆಮೇಲೆ ಸರಳಿಗೆ ಜೋತುಬಿದ್ದು ಎಣಿಸು.

ಈ ಕೊನೆಯ ಅಂಕಿಯನ್ನು ದೊಡ್ಡದಾಗಿ ಬರೆದಿಟ್ಟುಕೊ. ಅಷ್ಟು ಸೆಕೆಂಡ್ ಕಳೆದ ಮೇಲೆ ನೀನು ಎಷ್ಟೇ ಹಟ ಹಿಡಿದರೂ ಬೆರಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿ ಬಾಗಿಲಿನಲ್ಲಿ ಹೊರಕ್ಕೆ ವಾಲಿ ನಿಲ್ಲುವ ಹುಡುಗರಿಗೆ ಈ ಲೆಕ್ಕ ಗೊತ್ತಿಲ್ಲ. ಬೆವರಿದ ಅಂಗೈಗೆ, ಬ್ಯಾಗಿನ ಭಾರಕ್ಕೆ, ಹಿಂದಿನವರ ನೂಕಿಗೆ ಅದು ಇನ್ನೂ ಕುಗ್ಗುತ್ತದೆ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ಬಳಿ ತುಂಬಿದ ಲೋಕಲ್‌ಗಳ ಬಾಗಿಲಿನಿಂದ ಬಿದ್ದು ಜನ ಸತ್ತರು. ಕೆಲಸಕ್ಕೆ ಹೊರಟ ಮಂದಿ. ಅಂಥ ಹೊತ್ತಿನಲ್ಲಿ ಯಾರ ಹಿಡಿತವೂ ಕಾಪಾಡದು. ನೀನು ಒಂದು ಗಾಡಿ ಬಿಟ್ಟು ಮುಂದಿನದಕ್ಕೆ ಹತ್ತು. ಆಫೀಸಿನಲ್ಲಿ ಬೈಸಿಕೊಂಡರೆ ಬೈಸಿಕೊ.

ಬೆಳೆಸುವ ಬಗೆಯೂ ಒಂದೊಂದಕ್ಕೆ ಒಂದೊಂದು. ಗರಿಷ್ಠ ಬಲಕ್ಕೆ ಭಾರ ಹೆಚ್ಚು, ಸಲ ಕಡಿಮೆ: ಮೂರರಿಂದ ಐದು. ಸೆಟ್‌ಗಳ ನಡುವೆ ಮೂರು ನಿಮಿಷ ಸುಮ್ಮನೆ ಕೂರು, ಫೋನ್ ನೋಡಿಕೊಂಡಾದರೂ ಸರಿ. ತಾಳಿಕೆಗೆ ಭಾರ ಕಡಿಮೆ, ಸಲ ಹದಿನೈದು ದಾಟಲಿ, ವಿಶ್ರಾಂತಿ ಚಿಕ್ಕದಿರಲಿ. ಸಿಡಿಬಲದ ಜಿಗಿತ, ಎಸೆತಗಳನ್ನು ಮೈ ದಣಿಯುವ ಮೊದಲೇ ಮಾಡಿ ಮುಗಿಸು. ದಣಿದ ಮೈ ನಿಧಾನವನ್ನೇ ಕಲಿಯುತ್ತದೆ. ಮಹಾರಾಷ್ಟ್ರ ಪೊಲೀಸ್ ಭರ್ತಿಗೆ ಓಡಾಡುವ ನಿನ್ನ ಗೆಳೆಯನಿಗೂ ಇದನ್ನು ಹೇಳು. ಅಲ್ಲಿ ಹುಡುಗರಿಗೆ 1600 ಮೀಟರ್ ಓಟ, 100 ಮೀಟರ್ ಓಟ, 7.260 ಕಿಲೋ ಗುಂಡೆಸೆತ, ಮೂರಕ್ಕೂ ಅಂಕವಿದೆ. ದಿನವೂ ಉದ್ದ ಓಟ ಓಡಿದ ಮಾತ್ರಕ್ಕೆ ಗುಂಡು ದೂರ ಹೋಗದು.

ಸ್ಥಿರಬಲದಲ್ಲಿ ಒಂದು ಸೂಕ್ಷ್ಮವಿದೆ. ಯಾವ ಕೋನದಲ್ಲಿ ಬಿಗಿದು ನಿಲ್ಲುತ್ತೀಯೋ ಆ ಕೋನದ ಆಸುಪಾಸಿನಲ್ಲೇ ಬಲ ಹೆಚ್ಚು ಬೆಳೆಯುತ್ತದೆ. ಪಥಕದಲ್ಲಿ ಮಂಡಿ ಎಷ್ಟು ಬಗ್ಗಿಸಿ ನಿಲ್ಲಬೇಕೋ ಅಭ್ಯಾಸದಲ್ಲೂ ಅಷ್ಟೇ ಬಗ್ಗಿಸಿ ನಿಲ್ಲು. ಉಸಿರು ಹಿಡಿಯಬೇಡ. ಬಿಗಿದ ಸ್ನಾಯುವಿನಲ್ಲಿ ರಕ್ತದ ಓಡಾಟ ಕುಗ್ಗಿ ಒತ್ತಡ ಏರುತ್ತದೆ. ಅದರ ಮೇಲೆ ಉಸಿರನ್ನೂ ಕಟ್ಟಿದರೆ ಕಣ್ಣು ಕತ್ತಲೆ ಬಂದೀತು. ತಳದಲ್ಲಿ ಒಬ್ಬ ಕುಸಿದರೆ ಮೇಲಿರುವ ಅಷ್ಟೂ ಜನ ಬೀಳುತ್ತಾರೆ. ಇನ್ನೊಂದು: ಹದಿನಾಲ್ಕು ತುಂಬದ ಮಗುವನ್ನು ಮೇಲೆ ಹತ್ತಿಸುವ ಪಥಕವಾದರೆ ಅದರ ಸಹವಾಸವೇ ಬೇಡ.

ಮೊದಲ ಕೆಲವು ವಾರ ಭಾರ ಬೇಗ ಬೇಗ ಏರುತ್ತದೆ. ಸ್ನಾಯು ಬೆಳೆಯಿತೆಂದು ಹಿಗ್ಗಬೇಡ. ಇದ್ದ ಸ್ನಾಯುವನ್ನೇ ಹೆಚ್ಚು ದುಡಿಸಲು ನರಗಳು ಕಲಿತಿವೆ, ಅಷ್ಟೇ. ಸ್ನಾಯುವನ್ನು ಮೂಳೆಗೆ ಕಟ್ಟಿದ ರಜ್ಜುಗಳು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಭುಜ, ಮೊಣಕೈ ನೋವೆಂದು ಜಿಮ್ ಬಿಡುವವರಲ್ಲಿ ಬಹಳ ಮಂದಿ ಈ ನಡುವಿನ ಕಾಲದಲ್ಲೇ ಅವಸರ ಮಾಡಿದವರು. ಒಂದೇ ಸ್ನಾಯುವಿಗೆ ಎರಡು ದಿನದ ಅಂತರ ಕೊಡು. ಆರು ವಾರಕ್ಕೊಮ್ಮೆ ಮತ್ತೆ ಅಳೆ.

ನಿನ್ನ ವಯಸ್ಸಿನವರಿಗೆ ತೋಳು ಕಾಣುತ್ತದೆ, ನನ್ನ ವಯಸ್ಸಿನವರಿಗೆ ತೊಡೆ ಮತ್ತು ಹಿಡಿತ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಭಾರತವೂ ಸೇರಿ 17 ದೇಶಗಳ ಸುಮಾರು 1,40,000 ಜನರ ಮುಷ್ಟಿಬಲ ಅಳೆದು, ವರ್ಷಗಟ್ಟಲೆ ಅವರ ಆರೋಗ್ಯ ಗಮನಿಸಿದ್ದರು. ಮುಷ್ಟಿ ಸಡಿಲವಿದ್ದವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು. ಅಪಾಯವನ್ನು ಸೂಚಿಸುವುದರಲ್ಲಿ ಮುಷ್ಟಿಬಲ ರಕ್ತದೊತ್ತಡಕ್ಕಿಂತಲೂ ಮುಂದಿತ್ತು. ಬರಿದೇ ಮುಷ್ಟಿ ಹಿಸುಕಿದರೆ ಆಯುಷ್ಯ ಕೂಡುತ್ತದೆಂದಲ್ಲ, ಇಡೀ ಮೈಯ ಸ್ಥಿತಿ ಅಂಗೈಯಲ್ಲಿ ತಿಳಿಯುತ್ತದೆ.

ಅದಕ್ಕೇ ಬರುವ ಭಾನುವಾರ ನಿನ್ನ ಅಮ್ಮನನ್ನೂ ಅಳೆ. ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒರಗಿಸಿಡು. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರಾ ಎದ್ದು ಕೂರುತ್ತಾರೆ ನೋಡು. ಅರವತ್ತರಿಂದ ಅರವತ್ತನಾಲ್ಕು ವಯಸ್ಸಿನ ಹೆಂಗಸರಿಗೆ ಹನ್ನೆರಡಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಇಳಿದಿದೆ ಎಂದು ತಿಳಿ. ಎದೆನೋವು, ತಲೆಸುತ್ತು ಇದ್ದರೆ ಮೊದಲು ಡಾಕ್ಟರಿಗೆ ತೋರಿಸು. ಇಲ್ಲವಾದರೆ ಕುರ್ಚಿಯ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರಿಸಿ, ದಿನ ಬಿಟ್ಟು ದಿನ ಎಂಟೆಂಟು ಸಲದಂತೆ ಎರಡು ಸುತ್ತು ಏಳಿಸು, ಕೂರಿಸು. ನೀನು ಪಕ್ಕದಲ್ಲೇ ನಿಂತಿರು. ಹತ್ತು ಸಲ ಸಲೀಸಾಗಿ ಆಗತೊಡಗಿದ ವಾರ ದಿಂಬು ತೆಗೆದುಬಿಡು.